ಬರುವ ಭಾನುವಾರ ಏನೂ ಹಂಚಬೇಡಿ

ರಸ್ತೆ ಬದಿ ಮಲಗುವವರ ನಡುವೆ ಕೆಲಸ ಮಾಡುವವಳು ನಾನು. ಚಳಿ ಶುರುವಾದರೆ ಸಾಕು, ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಈ ಸಲ ನೇರವಾಗಿಯೇ ಹೇಳಿಬಿಡುತ್ತೇನೆ.

ಪ್ರಶ್ನೆ: ಮೇಡಂ, ನಾವು ಇಪ್ಪತ್ತು ಜನ ಗೆಳೆಯರು. ಬರುವ ಭಾನುವಾರ ರಾತ್ರಿ ಮನೆಯಿಲ್ಲದವರಿಗೆ ಊಟ, ಕಂಬಳಿ ಹಂಚಬೇಕು ಅಂತಿದ್ದೇವೆ. ಒಂದು ವ್ಯಾನ್ ಇದೆ. ಹೇಗೆ ಶುರು ಮಾಡೋಣ?

ಬರುವ ಭಾನುವಾರ ಏನೂ ಹಂಚಬೇಡಿ. ಇಪ್ಪತ್ತು ಜನ ಒಟ್ಟಿಗೆ ವ್ಯಾನಿನಿಂದ ಇಳಿದರೆ ಮಲಗಿದವರು ಹೆದರುತ್ತಾರೆ. ಮೊದಲು ಇಬ್ಬರೇ ಹೋಗಿ. ಸಂಜೆಯೇ ಹೋಗಿ, ಕೂತು ಮಾತಾಡಿ. ಈಗಾಗಲೇ ಯಾರು ಊಟ ಕೊಡುತ್ತಿದ್ದಾರೆ, ಯಾವ ದಿನ ಯಾರೂ ಬರುವುದಿಲ್ಲ, ಅವರಿಗೆ ಏನು ಬೇಕು ಅಂತ ಕೇಳಿ. ಒಂದೇ ಜಾಗಕ್ಕೆ ಒಂದೇ ರಾತ್ರಿ ಮೂರು ಗುಂಪು ಊಟ ತಂದು, ಮಾರನೆಯ ದಿನ ಅಲ್ಲಿಯವರು ಹಸಿದು ಕೂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಕೇಳಿದರೆ ಹೆಚ್ಚಿನವರು ಹೇಳುವುದು ಕಾಲುಚೀಲ. ಒದ್ದೆ ಬೂಟು, ಒದ್ದೆ ಕಾಲುಚೀಲದಲ್ಲೇ ದಿನಗಟ್ಟಲೆ ಇದ್ದರೆ ಪಾದ ಮರಗಟ್ಟಿ ಬಿಳಿಚಿಕೊಳ್ಳುತ್ತದೆ. ಆಮೇಲೆ ಊದಿ, ಗುಳ್ಳೆ ಎದ್ದು, ಚರ್ಮ ಕೊಳೆಯುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರ ಕಾಲು ಹಾಳಾಗಿದ್ದು ಹೀಗೆಯೇ. ಹಿಮ ಬೀಳಬೇಕಾಗಿಲ್ಲ, 15 ಡಿಗ್ರಿ ಸೆಲ್ಸಿಯಸ್‌ನಲ್ಲೂ ಇದು ಆಗುತ್ತದೆ. ಒಬ್ಬರಿಗೆ ಎರಡು ಜೊತೆ ಕೊಡಿ, ಒಂದು ಒಣಗುವಾಗ ಇನ್ನೊಂದು ಹಾಕಿಕೊಳ್ಳಲಿ. ಮರಗಟ್ಟಿದ ಪಾದವನ್ನು ಉಜ್ಜಬೇಡಿ, ಬೆಂಕಿಗೂ ಹಿಡಿಯಬೇಡಿ.

ಕಂಬಳಿಯ ವಿಷಯ. ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತದೆ. ಕೆಳಗೆ ದಪ್ಪ ರಟ್ಟೋ ಚಾಪೆಯೋ ಇಲ್ಲದಿದ್ದರೆ ಮೇಲಿನ ಕಂಬಳಿ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ನಿದ್ದೆಯಲ್ಲಿರುವವರನ್ನು ಎಬ್ಬಿಸಬೇಡಿ, ಪಕ್ಕದಲ್ಲಿಟ್ಟು ಬನ್ನಿ. ಆದರೆ ಕಡು ಚಳಿಯಲ್ಲಿ ಯಾರಾದರೂ ತೊದಲುತ್ತಿದ್ದರೆ, ಮಾತಾಡಿಸಿದರೂ ಎಚ್ಚರವಾಗದಿದ್ದರೆ, ನಡುಗುತ್ತಿದ್ದವರ ನಡುಕ ನಿಂತುಹೋಗಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ‘ಕುಡಿದು ಬಿದ್ದಿದ್ದಾರೆ’ ಅಂತ ದಾಟಿ ಹೋಗಬೇಡಿ. ಮೈಯ ತಾಪ 35 ಡಿಗ್ರಿಗಿಂತ ಇಳಿದರೆ ಜೀವಕ್ಕೇ ಅಪಾಯ. ಒಂದು ಗುಟುಕು ಮದ್ಯ ಕೊಟ್ಟರೆ ಬೆಚ್ಚಗಾಗುತ್ತಾರೆ ಅನ್ನುವುದು ಶುದ್ಧ ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ.

ಊಟ ಮೆತ್ತಗಿರಲಿ. ಅಲ್ಲಿ ಎಷ್ಟೋ ಜನರಿಗೆ ಹಲ್ಲು ಸರಿಯಿಲ್ಲ. ಬೇಯಿಸಿದ್ದನ್ನು 2 ಗಂಟೆಗಿಂತ ಜಾಸ್ತಿ ಹಾಗೇ ಇಡಬೇಡಿ, ಇಲ್ಲವೇ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಡಿ.

ಈಗ ನಿಮ್ಮ ಇಪ್ಪತ್ತು ಜನ. ನಾಲ್ಕು ನಾಲ್ಕು ಜನರ ಐದು ಗುಂಪು ಮಾಡಿ, ವಾರಕ್ಕೊಂದು ಗುಂಪು ಹೋಗಲಿ. ಅದೇ ದಿನ, ಅದೇ ಹೊತ್ತು, ಅದೇ ಜಾಗ. ಒಂದು ವರ್ಷ ನಡೆಸಲು ಆಗದಿದ್ದರೆ ಹೊಸ ಗುಂಪು ಕಟ್ಟಬೇಡಿ, ಈಗಾಗಲೇ ಕೆಲಸ ಮಾಡುತ್ತಿರುವವರ ಜೊತೆ ಸೇರಿಕೊಳ್ಳಿ. ಮೊದಲ ವರ್ಷ ನಾನು ಒಬ್ಬ ಅಜ್ಜನಿಗೆ ‘ನಾಳೆ ಬರ್ತೀನಿ’ ಅಂದು ಹೋಗಲಿಲ್ಲ. ಅವರು ಮಳೆಯಲ್ಲಿ ಕಾದಿದ್ದರಂತೆ. ಆಮೇಲೆ ಅವರು ನನ್ನ ಜೊತೆ ಮಾತಾಡಲು ಆರು ತಿಂಗಳು ಬೇಕಾಯಿತು.

ಅದೇ ಮುಖ ಮತ್ತೆ ಮತ್ತೆ ಕಂಡಾಗಲೇ ಅವರು ನಿಜವಾದ ಕಷ್ಟ ಹೇಳುವುದು. ಕಾಗದಪತ್ರದ ಚೀಲ ಕಳೆದಿರುತ್ತದೆ. ವಿಳಾಸವಿಲ್ಲ ಅಂತ ಗುರುತಿನ ಚೀಟಿ ಸಿಗುವುದಿಲ್ಲ. ಚೀಟಿ ಇಲ್ಲದೆ ಕೆಲಸವೂ ಇಲ್ಲ, ಬಾಡಿಗೆ ಮನೆಯೂ ಇಲ್ಲ. ನಿಮ್ಮಲ್ಲಿ ಒಬ್ಬರು ಒಂದು ದಿನ ರಜೆ ಹಾಕಿ ಅವರ ಜೊತೆ ಕಚೇರಿಯ ಸಾಲಿನಲ್ಲಿ ನಿಂತರೆ, ಅದು ನೂರು ಕಂಬಳಿಗಿಂತ ದೊಡ್ಡ ಸಹಾಯ.

ಪ್ರಶ್ನೆ: ಫೋಟೊ ಹಾಕಿದರೆ ಬೇರೆಯವರಿಗೂ ಸ್ಫೂರ್ತಿ ಅಲ್ವಾ?

ಬೇಡ. ಗಂಡನ ಹೊಡೆತ ತಾಳದೆ ಓಡಿಬಂದ ಹೆಂಗಸು ಆ ಸಾಲಿನಲ್ಲಿದ್ದರೆ, ಅವಳು ಎಲ್ಲಿದ್ದಾಳೆ ಅಂತ ನೀವೇ ಅವನಿಗೆ ತೋರಿಸಿದ ಹಾಗೆ.

ಪ್ರಶ್ನೆ: ಮನೆಯಲ್ಲಿ ಹಳೇ ಬಟ್ಟೆ ತುಂಬಾ ಇದೆ, ಕಳಿಸಲೇ?

ನಿಮ್ಮ ಮಗನಿಗೆ ಹಾಕುವಂತಿದ್ದರೆ, ಒಗೆದು ಕಳಿಸಿ.

ಪ್ರಶ್ನೆ: ಮೊದಲು ಕುಡಿತ ಬಿಡಲಿ, ಆಮೇಲೆ ಮನೆ ಕೊಡಿಸೋಣ ಅಂದರೆ ತಪ್ಪೇ?

ತಪ್ಪು. ಬೀದಿಯಲ್ಲಿ ಮಲಗಿ ಕುಡಿತ ಬಿಡುವುದು ಎಷ್ಟು ಕಷ್ಟ ಅಂತ ಯೋಚಿಸಿ. ನ್ಯೂಯಾರ್ಕಿನಲ್ಲಿ 1992ರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಬೀದಿಯಲ್ಲಿದ್ದವರಿಗೆ ಮೊದಲು ಮನೆಯನ್ನೇ ಕೊಟ್ಟು, ಆಮೇಲೆ ಚಿಕಿತ್ಸೆಯ ಮಾತಾಡಿದರು. ಫಿನ್ಲೆಂಡ್ 2008ರಿಂದ ಇದನ್ನು ದೇಶದ ನೀತಿಯನ್ನಾಗಿಯೇ ಮಾಡಿಕೊಂಡಿತು, ಅಲ್ಲಿ ಮನೆಯಿಲ್ಲದವರ ಸಂಖ್ಯೆ ಇಳಿಯಿತು.

ಪ್ರಶ್ನೆ: ಊಟದಲ್ಲಿ ಗೊತ್ತಾಗದಂತೆ ಬೆರೆಸುವ, ಕುಡಿತ ಬಿಡಿಸುವ ಪುಡಿ ಸಿಗುತ್ತದಂತೆ. ಎಲ್ಲರ ಊಟಕ್ಕೂ ಹಾಕಬಹುದೇ?

ಖಂಡಿತ ಬೇಡ! ಈ ಪ್ರಶ್ನೆ ಓದಿದಾಗೆಲ್ಲ ಸಿಟ್ಟು ಬರುತ್ತದೆ. ಅಂಥ ಪುಡಿಯಲ್ಲಿ ಏನಿದೆ ಅಂತ ಮಾರುವವನೂ ಹೇಳುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್‌ನಂಥ ಮಾತ್ರೆ ತಿಂದದ್ದು ತಿಳಿಯದೆ ಮದ್ಯ ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು, ಸಾವೂ ಬರಬಹುದು. ರೋಗಿಗೆ ತಿಳಿಸದೆ ಅದನ್ನು ಕೊಡಲೇಬಾರದು. ವರ್ಷಗಟ್ಟಲೆ ಕುಡಿದವರು ತಟ್ಟನೆ ನಿಲ್ಲಿಸಿದರೂ ಮೊದಲ 2 ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಜ್ವರ, ಭ್ರಮೆ ಶುರುವಾಗಬಹುದು. ಅವರೇ ‘ಬಿಡಬೇಕು’ ಅಂದ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಾಖಲಾಗುವವರೆಗೂ ಜೊತೆಗಿರಿ.