ಮೆಕ್ಸಿಕೋ ಕ್ರಾಂತಿಯಲ್ಲಿ ರಾಜಧಾನಿಯನ್ನೇ ಹಿಡಿದ ಮೇಲೂ ಬಂಡಾಯ ನಾಯಕರಾದ ಜಪಾಟಾ, ವಿಲ್ಲಾ ಯಾಕೆ ಸೋತರು?
ಇಬ್ಬರೂ ಬೇರೆಬೇರೆಯಾಗಿ ಹೋರಾಡಿದ್ದಕ್ಕೆ; ಶತ್ರು ಒಬ್ಬೊಬ್ಬರನ್ನಾಗಿ ಮುಗಿಸಿದ. 1914ರ ಡಿಸೆಂಬರಿನಲ್ಲಿ ಇಬ್ಬರೂ ರಾಜಧಾನಿಯಲ್ಲಿದ್ದರು. ಅಧ್ಯಕ್ಷರ ಕುರ್ಚಿಯಲ್ಲಿ ವಿಲ್ಲಾ, ಪಕ್ಕದಲ್ಲಿ ಜಪಾಟಾ ಕೂತಿರುವ ಫೋಟೋ ನೋಡಿರುತ್ತೀರಿ. ಆದರೆ ಜಪಾಟಾನ ರೈತರಿಗೆ ಬೇಕಿದ್ದದ್ದು ಮೊರೆಲೋಸ್ ಪ್ರಾಂತ್ಯದ ತಮ್ಮ ಊರಿನ ಜಮೀನು. ಅದು ಕೈಗೆ ಬಂದಮೇಲೆ ಉತ್ತರದ ವಿಲ್ಲಾನಿಗಾಗಿ ದೂರ ಹೋಗಿ ಕಾದಾಡುವ ಹುಮ್ಮಸ್ಸು ಉಳಿಯಲಿಲ್ಲ. ನಮ್ಮ ಹಾಸನದ ಕಡೆ ಮಳೆ ಬಿದ್ದ ವಾರ ಆಲೂಗಡ್ಡೆ ಬಿತ್ತನೆ ಬಿಟ್ಟು ಯಾರು ಸಭೆಗೆ ಬರ್ತಾರೆ ಹೇಳಿ?

ಇವರ ಎದುರಾಳಿ, ಕ್ರಾಂತಿಯ ಇನ್ನೊಂದು ಬಣದ ನಾಯಕ ಕರಾನ್ಸಾ ಚುರುಕು. 1915ರ ಜನವರಿಯಲ್ಲಿ ಹಳ್ಳಿಗಳಿಗೆ ಜಮೀನು ಮರಳಿಸುವ ಕಾನೂನನ್ನು ತಾನೇ ಹೊರಡಿಸಿ, ಇವರ ಬೇಡಿಕೆಯನ್ನೇ ಎತ್ತಿಕೊಂಡ. ಏಪ್ರಿಲ್‌ನಲ್ಲಿ ಅವನ ಸೇನಾನಿ ಒಬ್ರೆಗೊನ್ ಸೆಲಾಯಾದಲ್ಲಿ ಮುಳ್ಳುತಂತಿ, ಮೆಷಿನ್ ಗನ್ ಇಟ್ಟು ವಿಲ್ಲಾನ ಕುದುರೆಪಡೆಯನ್ನು ಮುರಿದ. ಆಮೇಲೆ ಸೈನ್ಯ ಮೊರೆಲೋಸ್ ಕಡೆ ತಿರುಗಿತು. 1919ರಲ್ಲಿ ಜಪಾಟಾನನ್ನು ಮೋಸದಿಂದ ಕರೆಸಿ ಗುಂಡಿಟ್ಟರು.