ಹುತ್ತರಿಗೆ ಗೇಮ್ ಬಿಡಬೇಕಾದರೆ ಈಗಲೇ ಜನ ಸೇರಿಸಿ

ಮಡಿಕೇರಿಯಲ್ಲಿ ಒಬ್ಬರೇ ಕೂತು ಗೇಮ್ ಮಾಡಿದ್ದೀರಿ. ಹುತ್ತರಿ ಹೊತ್ತಿಗೆ ಪ್ಲೇ ಸ್ಟೋರ್‌ಗೆ ಹಾಕಲು ಒಂದು ವಾರ ಸಾಕಾ ಅಂತ ಕೇಳಿದ್ದೀರಿ. ಸಾಲದು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ ಮೊದಲು ಕ್ಲೋಸ್ಡ್ ಟೆಸ್ಟ್, ಅಂದರೆ ನೀವು ಸೇರಿಸಿದವರಷ್ಟೇ ಗೇಮ್ ಆಡಿ ನೋಡುವ ಪರೀಕ್ಷೆ, ಆಗಬೇಕು. ಕನಿಷ್ಠ 12 ಜನ, ಸತತ 14 ದಿನ ಅದರಲ್ಲಿ ಇರಬೇಕು. ಆಮೇಲೆ ಬಿಡುಗಡೆಗೆ ಅರ್ಜಿ. ಅದರ ಪರಿಶೀಲನೆಗೂ ಸಾಮಾನ್ಯವಾಗಿ ಒಂದು ವಾರದವರೆಗೆ ಹಿಡಿಯುತ್ತದೆ.

ಸಂಸ್ಥೆಯ ಖಾತೆಗಳಿಗೆ ಈ ನಿಯಮವಿಲ್ಲ. ಒಂಟಿಯಾಗಿ ದುಡಿಯುವವರ ಮೇಲೇ ಭಾರ ಬಿದ್ದಿದೆ, ಅದು ನನಗೆ ಸರಿ ಕಾಣುವುದಿಲ್ಲ. ನಾನು ಸರಿಯಾಗಿ 12 ಜನರನ್ನೇ ಸೇರಿಸಿದ್ದೆ. ಇಬ್ಬರು ಮಧ್ಯದಲ್ಲೇ ಬಿಟ್ಟರು, ದಿನಗಳೆಲ್ಲ ಸುಮ್ನೆ ಹೋದವು. ನೀವು ವಿರಾಜಪೇಟೆ, ಕುಶಾಲನಗರದ ನೆಂಟರನ್ನೂ ಸೇರಿಸಿ 16 ಮಂದಿ ಇಟ್ಟುಕೊಳ್ಳಿ. ಅವರು ಹೇಳಿದ್ದನ್ನೆಲ್ಲ ಬರೆದಿಡಿ, ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ.