ಕೊಳವೆ ಖಾಲಿ ಬಂದ ದಿನವನ್ನೂ ಬರೆಯಿರಿ

ಪ್ರಿಯ ಲೇಖಕಿಯವರೇ,

ಸಂಶೋಧನಾ ಹಡಗಿನ ಅನುಭವ ಕುರಿತು ನೀವು ಹೊನ್ನಾವರದಿಂದ ಕಳುಹಿಸಿದ ಹದಿನಾಲ್ಕು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಮರಳಿಸಲೂ ಮನಸ್ಸಿಲ್ಲ. ಅರಬ್ಬೀ ಸಮುದ್ರದ ತಳದ ಕೆಸರನ್ನು ಕೈಯಾರೆ ಮುಟ್ಟಿದವರೊಬ್ಬರು ಕನ್ನಡದಲ್ಲಿ ಬರೆದದ್ದು ನನ್ನ ಮೇಜಿಗೆ ಬಂದಿರುವುದು ಇದೇ ಮೊದಲು.

ನಿಮ್ಮ ಲೇಖನದಲ್ಲಿ ಸೂರ್ಯೋದಯ ನಾಲ್ಕು ಸಲ, ಸೂರ್ಯಾಸ್ತ ಮೂರು ಸಲ ಬಂದಿವೆ. ಕೆಸರಿಗೆ ಸಿಕ್ಕಿರುವುದು ಒಂದೂವರೆ ಪುಟ. ಸೂರ್ಯಾಸ್ತವನ್ನು ಕರಾವಳಿಯವರೆಲ್ಲ ದಂಡೆಯಲ್ಲಿ ನಿಂತು ನೋಡಿದ್ದಾರೆ. 3,800 ಮೀಟರ್ ಆಳದಿಂದ ಮಣ್ಣು ಮೇಲೆ ಬಂದದ್ದನ್ನು ಕಂಡವರು ನೀವು.

ಹನ್ನೊಂದನೆಯ ಪುಟದಲ್ಲಿ ಒಂದು ವಾಕ್ಯವಿದೆ: 'ಮುಳ್ಳು ಕೆಳಗೆ ಬಿದ್ದಾಗ ಹಿರಿಯ ತಂತ್ರಜ್ಞರು ಚಹಾದ ಲೋಟವನ್ನು ಪಕ್ಕಕ್ಕಿಟ್ಟರು.' ಲೇಖನ ಇಲ್ಲಿಂದಲೇ ಶುರುವಾಗಬೇಕು. ಆದರೆ ಅದು ಯಾವ ಮುಳ್ಳು ಎಂದು ನೀವು ಹೇಳಿಲ್ಲ. ಭಾರ ಇಳಿಸಿ ಎತ್ತುವ ಯಂತ್ರವಾದ ವಿಂಚಿನ ಉಕ್ಕಿನ ಹಗ್ಗದ ಮೇಲೆ ಎಷ್ಟು ಭಾರವಿದೆ ಎಂದು ತೋರಿಸುವ ಮಾಪಕದ ಮುಳ್ಳು ಅದು. ತಲೆಯಲ್ಲಿ ತೂಕ ಹೊತ್ತು ತಳದ ಕೆಸರನ್ನು ತುಂಬಿ ತರುವ ಗ್ರಾವಿಟಿ ಕೋರರ್ ಕೊಳವೆ ಇಳಿಯುತ್ತ ಹೋದಂತೆ, ಬಿಟ್ಟ ಹಗ್ಗದ ಭಾರವೂ ಸೇರಿ ಮುಳ್ಳು ಏರುತ್ತಿರುತ್ತದೆ. ಕೊಳವೆ ತಳವನ್ನು ಹೊಕ್ಕ ಕ್ಷಣ ಅದರ ಭಾರವನ್ನು ಕಡಲ ನೆಲ ಹೊತ್ತುಕೊಳ್ಳುತ್ತದೆ, ಮುಳ್ಳು ಬೀಳುತ್ತದೆ. ಮೇಲಕ್ಕೆಳೆಯಲು ತೊಡಗಿದಾಗ ಕೆಸರು ಕೊಳವೆಯನ್ನು ಬಿಡಲೊಲ್ಲದು. ಮುಳ್ಳು ಮತ್ತೆ ಏರಿ, ಕೊಳವೆ ಕಿತ್ತು ಬಂದಾಗ ಒಮ್ಮೆಲೇ ಇಳಿಯುತ್ತದೆ. ನಾಲ್ಕು ಕಿಲೋಮೀಟರ್ ಕೆಳಗೆ ಏನಾಯಿತು ಎಂದು ಡೆಕ್ಕಿನ ಮೇಲಿದ್ದವರಿಗೆ ತಿಳಿಯುವುದು ಆ ಮುಳ್ಳಿನಿಂದ. ಅವರು ಲೋಟ ಕೆಳಗಿಟ್ಟದ್ದು ಏಕೆಂದು ಓದುಗರಿಗೆ ಅರ್ಥವಾಗುವುದೂ ಆಗಲೇ.

ಸೆಕೆಂಡಿಗೆ ಒಂದು ಮೀಟರಿನಂತೆ ಹಗ್ಗ ಬಿಟ್ಟರೂ ಅಷ್ಟು ಆಳಕ್ಕೆ ಇಳಿಯಲು ಒಂದು ಗಂಟೆ ದಾಟುತ್ತದೆ, ಮೇಲೆ ಬರಲು ಇನ್ನೊಂದು ಗಂಟೆ. ಈ ಎರಡು ಗಂಟೆಗಳನ್ನು ನೀವು 'ಸ್ವಲ್ಪ ಸಮಯದ ನಂತರ' ಎಂಬಲ್ಲಿಗೆ ಮುಗಿಸಿಬಿಟ್ಟಿದ್ದೀರಿ. ಆ ಹೊತ್ತಿನಲ್ಲಿ ಡೆಕ್ಕಿನ ಮೇಲೆ ಯಾರು ಏನು ಮಾಡುತ್ತಿದ್ದರು? ಯಾರಾದರೂ ಮಾತಾಡಿದರೇ? ನನಗೆ ಅದು ಬೇಕು.

ಇನ್ನೊಂದು ಕಡೆ 'ಮೊದಲ ಪ್ರಯತ್ನ ವಿಫಲವಾಯಿತು' ಎಂದು ಬರೆದು ಮುಂದೆ ಹೋಗಿದ್ದೀರಿ. ಕಾರಣ ಕೇಳಿ ಪತ್ರ ಬರೆದೆ. ಕರಾವಳಿಯೆದುರಿನ 90 ಮೀಟರ್ ಆಳದಲ್ಲಿ ಕೊಳವೆ ಖಾಲಿ ಬಂತು, ತುಂಬಿದ ಕೆಸರು ಜಾರದಂತೆ ಅದರ ಬಾಯಲ್ಲಿ ತಡೆಯುವ ಎಸಳುಗಳಲ್ಲಿ ಹಿಡಿ ಮರಳೂ ಚಿಪ್ಪಿನ ಚೂರುಗಳೂ ಸಿಕ್ಕಿಕೊಂಡಿದ್ದವು ಎಂದು ಉತ್ತರಿಸಿದಿರಿ. ಇಂಥದ್ದನ್ನು ಬಿಟ್ಟಿರಲ್ಲ ಎಂದು ನನಗೆ ನಿಜಕ್ಕೂ ನೋವಾಯಿತು. ನಮ್ಮ ದಂಡೆಗೆ ಹತ್ತಿರದ ಕಡಲತಳದಲ್ಲಿ ನದಿಗಳು ತಂದ ನುಣ್ಣನೆಯ ರೇವೆಯಿದೆ. ಹೊರ ಅಂಚಿನತ್ತ ಹೋದಂತೆ ಮರಳು ಸಿಗುತ್ತದೆ, ಏಕೆಂದರೆ ನದಿಯ ರೇವೆ ಅಲ್ಲಿಯವರೆಗೆ ತಲುಪಿ ಅದನ್ನು ಮುಚ್ಚಿಲ್ಲ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಕಡಲ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ನಿಮ್ಮ ಕೊಳವೆ ಬಡಿದ ಜಾಗ ಆಗ ಒಣನೆಲ. ಮಂಜು ಕರಗಿ ನೀರು ಏರಿ ಬಂದಾಗ ಕಡಲತೀರ ಅದರ ಮೇಲೆ ಹಾದುಬಂದಿದೆ. ನಿಮ್ಮ ಊರಿನ ಶರಾವತಿಗೆ ಸಮುದ್ರ ಸೇರಲು ಆಗ ಎಷ್ಟು ದೂರ ಹರಿಯಬೇಕಿತ್ತು, ಯೋಚಿಸಿ. ಮುಳುಗಿಹೋದ ಹಳೆಯ ದಂಡೆಯ ಮರಳನ್ನು ಅಂಗೈಯಲ್ಲಿ ಹಿಡಿದವರು ಅದನ್ನು ವೈಫಲ್ಯ ಎಂದು ಕರೆಯಬಾರದು.

ಈಗ ಒಂದು ತಪ್ಪು. ಆಳದಿಂದ ತೆಗೆದ ಐದು ಮೀಟರ್ ಕೆಸರನ್ನು 'ಕೋಟ್ಯಂತರ ವರ್ಷಗಳ ಇತಿಹಾಸ' ಎಂದಿದ್ದೀರಿ. ದಂಡೆಯಿಂದ ದೂರದ ಆಳದ ಬಯಲಿನಲ್ಲಿ ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೆಸರು ಕೂಡುತ್ತದೆ. ಎರಡು ಎಂದೇ ಹಿಡಿದರೂ ಐದು ಮೀಟರಿಗೆ ಎರಡೂವರೆ ಲಕ್ಷ ವರ್ಷ. ಎರಡೂವರೆ ಲಕ್ಷವೇನು ಸಣ್ಣ ಸಂಖ್ಯೆಯೇ? ನೀವು ತಟ್ಟೆಗೆ ಕತ್ತರಿಸಿ ಹಾಕಿದ ಒಂದು ಸೆಂಟಿಮೀಟರ್ ಬಿಲ್ಲೆಯೊಳಗೆ ಕದಂಬರಿಂದ ಇಂದಿನವರೆಗಿನ ಕಾಲದಲ್ಲಿ ಮೂರನೆಯ ಒಂದು ಭಾಗ ಅಡಗಿದೆ. ನಿಜವಾದ ಲೆಕ್ಕ ಬರೆದರೆ ಓದುಗರಿಗೆ ಉಸಿರು ಸಿಕ್ಕಿಕೊಳ್ಳುತ್ತದೆ, ಉತ್ಪ್ರೇಕ್ಷೆಯ ಅಗತ್ಯವಿಲ್ಲ. ಆ ಬಿಲ್ಲೆಯನ್ನು ಜರಡಿಯಲ್ಲಿ ತೊಳೆದಾಗ ಉಳಿಯುವ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪುಗಳು, ಆ ಚಿಪ್ಪುಗಳ ಆಮ್ಲಜನಕದಿಂದ ಹಳೆಯ ಕಾಲದ ಹಿಮದ ಪ್ರಮಾಣವನ್ನೂ ನೀರಿನ ತಾಪವನ್ನೂ ಅಂದಾಜು ಮಾಡುವ ಬಗೆ, ಇವನ್ನು ನೀವು ಚೆನ್ನಾಗಿಯೇ ವಿವರಿಸಿದ್ದೀರಿ. ಅವನ್ನು ಮುಟ್ಟಬೇಡಿ.

ಭಾಷೆಯ ಬಗ್ಗೆ ಖಾರವಾಗಿಯೇ ಹೇಳುತ್ತೇನೆ. 'ಸಮುದ್ರತಲೀಯ ಅವಸಾದ ಮಾದರಿ ಸಂಗ್ರಹಣೆ' ಎಂಬುದನ್ನು ಯಾವ ಹಡಗಿನಲ್ಲೂ ಯಾರೂ ಹೇಳಿರಲಾರರು. ಕೆರೆಯ ಹೂಳೆತ್ತಿ ಬದುಕಿದ ನಾಡು ನಮ್ಮದು. ಕೆಸರು, ರೇವೆ, ಹೂಳು, ಜೇಡಿ, ಮೆಕ್ಕಲು, ಗೋಡು ಎಂದು ಎಷ್ಟು ಮಾತುಗಳಿವೆ! ಒಂದೊಂದೂ ಬೇರೆ. ಬೆರಳಿಗೆ ಅಂಟಿದ್ದು ಜೇಡಿಯೇ, ಜಾರಿದ್ದು ರೇವೆಯೇ ಎಂದು ನೋಡಿ ಆರಿಸಿಕೊಳ್ಳಿ. ಕೋರರ್, ವಿಂಚ್, ಡೆಕ್ ಹಾಗೆಯೇ ಇರಲಿ. ದಂಡೆಯ ಹತ್ತಿರದ ಕೆಸರಿಗೆ 'ಅವರ್ಣನೀಯ ವಾಸನೆ' ಎಂದಿದ್ದೀರಿ. ಅದು ಕೊಳೆತ ಮೊಟ್ಟೆಯ ವಾಸನೆಯಾಗಿದ್ದರೆ ಹಾಗೆಯೇ ಬರೆಯಿರಿ: ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿಸುವ ಹೈಡ್ರೋಜನ್ ಸಲ್ಫೈಡ್ ಅದು. ಆಳದ ನೀರಿನ ತಾಪ ಎರಡು ಡಿಗ್ರಿಯ ಆಸುಪಾಸು. ಸುಡುಬಿಸಿಲಿನ ಡೆಕ್ಕಿನ ಮೇಲೆ ಆ ಮಣ್ಣು ಕೈಗೆ ತಣ್ಣಗೆ ಹತ್ತಿತೇ? ಹತ್ತಿದ್ದರೆ ಬರೆಯಿರಿ. ನೆನಪಿಲ್ಲದಿದ್ದರೆ ನಾನು ಹೇಳಿದೆನೆಂದು ಸೇರಿಸಬೇಡಿ.

ಬ್ರಿಟನ್ನಿನ ಸಂಶೋಧನಾ ಹಡಗು ಚಾಲೆಂಜರ್‌ನ 1872ರಿಂದ 1876ರವರೆಗಿನ ಯಾನಕ್ಕೆ ಕೊಟ್ಟ ಎರಡು ಪುಟಗಳನ್ನು ತೆಗೆಯಿರಿ. ಆ ಯಾನದಲ್ಲಿ ತಂದ ಕೆಸರುಗಳನ್ನು ಪರೀಕ್ಷಿಸಿ ಮರ್ರೆ ಮತ್ತು ರೆನಾರ್ 1891ರಲ್ಲಿ ವಿಂಗಡಿಸಿದರು ಎಂಬ ಒಂದು ಸಾಲು ಉಳಿದರೆ ಸಾಕು.

ನಮ್ಮ ದೀಪಾವಳಿ ವಿಶೇಷಾಂಕಕ್ಕೆ ಎಂಟು ಪುಟಗಳನ್ನು ತೆಗೆದಿರಿಸಿದ್ದೇನೆ. ಗೌರಿ ಹಬ್ಬದೊಳಗೆ ಹೊಸ ಕರಡು ಕೈಸೇರಲಿ. ಎರಡನೆಯ ಸಲ ಕೊಳವೆ ತುಂಬಿ ಬಂದಾಗ ಆ ತಂತ್ರಜ್ಞರು ತಣ್ಣಗಾದ ಚಹಾ ಕುಡಿದರೋ ಚೆಲ್ಲಿದರೋ, ನೆನಪಿದ್ದರೆ ಅದನ್ನೂ ತಿಳಿಸಿ.

ವಿಶ್ವಾಸದಿಂದ,
ಸಂಪಾದಕ